ದೊಡ್ಡಕ್ಕೋರ ಚಿತ್ರದ ಪಿರಿಯಡ್

ದೊಡ್ಡಕ್ಕೋರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಈಳಿಗೆಗೆ ಸಿಕ್ಕಿ ಹೋದದ್ದು ಮತ್ತೆ ಹುಟ್ಟಲೇ ಇಲ್ಲವಂತೆ. ಉಗುರಿದ್ದ ಜಾಗ ಬೇಯಿಸಿದ ಹಲಸಿನ ಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಚಿತ್ರದ ಪುಸ್ತಕವನ್ನು ಮಕ್ಕಳ ಕಡೆಗೆ ತಿರುಗಿಸಿ ಎದೆಯ ಮಟ್ಟಕ್ಕೆ ಹಿಡಿದಾಗ ಆ ಬೆರಳು ಪುಟದ ಕೆಳಮೂಲೆಯಲ್ಲಿ ಬಂದು ಕೂರುತ್ತಿತ್ತು. ಒಂದನೇ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ಮೊದಲು ಕಾಣುತ್ತಿದ್ದದ್ದು ಪುಟದೊಳಗಿನ ಆನೆಯೂ ಅಲ್ಲ, ಹುಲಿಯೂ ಅಲ್ಲ, ಈ ಬೆರಳು. "ಅಕ್ಕೋರೆ, ಅದು ಎಂತ?" ಎಂದು ಯಾವುದಾದರೂ ಧೈರ್ಯದ ಮಗು ಕೇಳಿಯೇ ಕೇಳುತ್ತಿತ್ತು. "ನಿಂಗೆ ಎಂತ ಕಾಣ್ತದೆ ಹೇಳು ನೋಡ್ವಾ," ಎನ್ನುತ್ತಿದ್ದರು. ಒಂದು ಮಗು ಕಪ್ಪೆಮರಿ ಎನ್ನುವುದು, ಇನ್ನೊಂದು ಇಡ್ಲಿ ಎನ್ನುವುದು, ಮತ್ತೊಂದು ಬಂಗಡೆ ಮೀನಿನ ಕಣ್ಣು ಎನ್ನುವುದು. ದೊಡ್ಡಕ್ಕೋರು ಎಲ್ಲದಕ್ಕೂ "ಹೌದೌದು" ಎಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರು. ಹಾರವಾಡದಿಂದ ಸ್ವಲ್ಪ ಆಚೆ, ಕಡಲ ಗಾಳಿಗೆ ವರ್ಷಕ್ಕೊಮ್ಮೆ ಹಂಚು ಹಾರಿಹೋಗುವಷ್ಟು ದಂಡೆಗೆ ಹತ್ತಿರವಿರುವ ನಮ್ಮ ಶಾಲೆಯಲ್ಲಿ ಆಗ ಹೆಡ್ ಮಾಸ್ತರರನ್ನು ಬಿಟ್ಟರೆ ಇದ್ದದ್ದು ನಾವಿಬ್ಬರೇ. ಅವರು ದೊಡ್ಡಕ್ಕೋರು, ನಾನು ಸಣ್ಣಕ್ಕೋರು. ನನಗೆ ಆಗಲೇ ಮೂವತ್ತು ದಾಟಿತ್ತು, ಎರಡು ಮಕ್ಕಳ ತಾಯಿ, ಆದರೂ ಸಣ್ಣಕ್ಕೋರು. ಈಗ ಅವರಿಲ್ಲ. ಅವರ ಜಾಗಕ್ಕೆ ಬಂದ ಹುಡುಗಿ ನನಗಿಂತ ಎಷ್ಟೋ ಚಿಕ್ಕವಳು. ಆದರೂ ಊರ ಬಾಯಲ್ಲಿ ನಾನು ಇವತ್ತಿಗೂ ಸಣ್ಣಕ್ಕೋರೇ. ದೊಡ್ಡಕ್ಕೋರು ಎಂಬ ಹೆಸರನ್ನು ಯಾರಿಗೂ ಕೊಡಲು ಊರಿಗೆ ಮನಸ್ಸಾಗಿಲ್ಲ, ನನಗೂ ಬೇಕಾಗಿಲ್ಲ.

ಅವರು ಅಂಕೋಲಾದ ಒಳಗಿನ ಅಗಸೂರಿನವರು, ಗದ್ದೆ ಬೇಸಾಯದ ಮನೆಯ ಹೆಣ್ಣು. ನಾನು ಕಾಳಿ ಹೊಳೆಯ ಆಚೆಯ ಚಿತ್ತಾಕುಲದವಳು, ಮನೆಯಲ್ಲಿ ಮಾತಾಡುವುದು ಕೊಂಕಣಿ. ದಿನಾ ಬೆಳಿಗ್ಗೆ ಅವರು ಆ ದಿಕ್ಕಿನ ಬಸ್ಸಿಗೆ, ನಾನು ಈ ದಿಕ್ಕಿನ ಬಸ್ಸಿಗೆ ಬಂದು ಶಾಲೆಯ ತಿರುವಿನಲ್ಲಿ ಇಳಿಯುತ್ತಿದ್ದೆವು. ನಾನು ವರ್ಗವಾಗಿ ಬಂದ ಮೊದಲ ವಾರವೇ ಅವರಿಗೆ ಜ್ವರ ಬಂದು ಚಿತ್ರದ ಪಿರಿಯಡ್ ನನ್ನ ತಲೆಗೆ ಬಿತ್ತು. ನಾನು ಬಹಳ ಚುರುಕು ಎಂದು ನನಗೆ ನನ್ನ ಮೇಲೆಯೇ ಅಭಿಮಾನ. ಒಂದೇ ಪಿರಿಯಡ್‌ನಲ್ಲಿ ನಾಲ್ಕು ಪುಸ್ತಕ ಓದಿ ಎಸೆದೆ. ಮರುದಿನ ದೊಡ್ಡಕ್ಕೋರು ಬಂದರು, ಮಕ್ಕಳ ಬಾಯಿಂದ ಸಂಗತಿ ತಿಳಿದುಕೊಂಡರು, ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕುಳಿತು ಕೇಳಿದರು:

"ತಂಗಿ, ನಿನ್ನೆ ನಿಂಗೆ ಬಸ್ಸು ತಪ್ಪಿಹೋಗ್ತಿತ್ತಾ?"

"ಇಲ್ವಲ್ಲ ಅಕ್ಕೋರೆ, ಯಾಕೆ?"

"ಅಲ್ಲಾ, ನಾಲ್ಕು ಪುಸ್ತಕ ಓಡ್ಸಿಬಿಟ್ಟೆ ಅಂತೆ. ನಂಗೆ ಒಂದು ಪುಟಕ್ಕೆ ಒಂದು ಪಿರಿಯಡ್ ಸಾಲೂದಿಲ್ಲ ಮಾರಾಯ್ತಿ."

ಮೈ ಉರಿದುಹೋಯಿತು. ಇವರೇನು ದೊಡ್ಡ ಪಂಡಿತರೋ ಎಂದು ಮನೆಗೆ ಹೋಗಿ ಗಂಡನ ಹತ್ತಿರ ಬೈದುಕೊಂಡೆ. ಆದರೆ ಮುಂದಿನ ವಾರ ಬಾಗಿಲ ಬಳಿ ನಿಂತು ಅವರ ಪಿರಿಯಡ್ ನೋಡಿದೆ. ಅವರು ಪುಸ್ತಕ ತೆರೆದರು, ಮಕ್ಕಳ ಕಡೆ ಹಿಡಿದರು, ಸುಮ್ಮನೆ ಕುಳಿತರು. ಅಷ್ಟೇ. ಅಕ್ಷರ ಓದಲಿಲ್ಲ, ಪ್ರಶ್ನೆ ಕೇಳಲಿಲ್ಲ. ಮಕ್ಕಳು ನೋಡಿದವು, ಮಿಸುಕಾಡಿದವು, ಒಂದು ಹಿಂದಿನಿಂದ ತೆವಳಿಕೊಂಡು ಮುಂದೆ ಬಂತು. ಕಡೆಗೆ ಒಂದು ಬಾಯಿ ಬಿಟ್ಟಿತು. ಮತ್ತೊಂದು ಅದಕ್ಕೆ ಎದುರು ಹೇಳಿತು. ಆಮೇಲೆ ಸಂತೆಯೇ ಸಂತೆ. ಅರ್ಧ ಕನ್ನಡ, ಅರ್ಧ ಕೊಂಕಣಿ, ಕೆಲವು ಮನೆಗಳ ಮಾತು ನನಗೂ ತಿಳಿಯದ್ದು. ಯಾವ ಮಾತಲ್ಲಿ ಹೇಳಿದರೂ ದೊಡ್ಡಕ್ಕೋರು "ಹೌದೌದು" ಎಂದರು. ಯಾರಾದರೂ ಪುಟ ತಿರುಗಿಸಿ ಎಂದು ಅವಸರ ಮಾಡಿದರೆ "ತಡಿ ತಡಿ, ಇವಂದು ನೋಡೂದು ಮುಗೀಲಿಲ್ಲ" ಎಂದರು.

ಚಿತ್ರದ ಪಿರಿಯಡ್ ನಡೆಯುತ್ತಿದ್ದ ನಮ್ಮ ಲೈಬ್ರರಿ ಎಂದರೆ ಏನೋ ಎಂದುಕೊಳ್ಳಬೇಡಿ. ಬಿಸಿಯೂಟದ ಅಕ್ಕಿ ಇಡುವ ಕೋಣೆ. ಒಂದು ಬದಿ ಅಕ್ಕಿಮೂಟೆ, ಬೇಳೆ, ಎಣ್ಣೆ. ಇನ್ನೊಂದು ಬದಿ ಕಬ್ಬಿಣದ ಟ್ರಂಕು, ಹಳೇ ಚಾಪೆ, ಗೋಡೆಯಿಂದ ಗೋಡೆಗೆ ಮಕ್ಕಳ ಮೂಗಿನೆತ್ತರಕ್ಕೆ ಕಟ್ಟಿದ ಹಗ್ಗ. ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಪುಸ್ತಕಗಳನ್ನು ಆ ಹಗ್ಗಕ್ಕೆ ತೂಗಿಬಿಟ್ಟಿರುತ್ತಿದ್ದರು. ಆ ಕೋಣೆಯೊಳಗೆ ‘ತಪ್ಪು’ ಎಂಬ ಮಾತು ಇರಲಿಲ್ಲ. ಇದೇ ಹೆಂಗಸು ಗಣಿತದ ಪಿರಿಯಡ್‌ನಲ್ಲಿ ಮಗ್ಗಿ ತಪ್ಪಿದರೆ ದಂಡೆಯವರೆಗೆ ಕೇಳುವಂತೆ ಕೂಗಾಡುತ್ತಿದ್ದರು, ನಾನೇ ಕಿವಿ ಮುಚ್ಚಿಕೊಂಡದ್ದಿದೆ. ಅಕ್ಕಿ ಕೋಣೆಗೆ ಕಾಲಿಟ್ಟರೆ ಬೇರೆಯೇ ಮನುಷ್ಯ. ಒಂದು ಮಗು ಹಸುವನ್ನು ತೋರಿಸಿ ನಾಯಿ ಎಂದಿತು. ನಾನು ತಡೆಯಲಾರದೆ, "ತಪ್ಪಲ್ವಾ ಅಕ್ಕೋರೆ?" ಎಂದೆ.

"ತಪ್ಪು ಹೇಳೂಕೆ ನಾ ಯಾರು? ಚಿತ್ರ ನಾ ಬರ್ದದ್ದಾ?" ಎಂದು ನನ್ನನ್ನೇ ಜೋರು ಮಾಡಿದರು. "ನಾಳೆ ಅದೇ ಮತ್ತೆ ನೋಡಿ ದನ ಅಂತದೆ. ಇವತ್ತು ನೀ ತಪ್ಪು ಅಂದ್ರೆ ನಾಳೆ ಬಾಯೇ ಬಿಡೂದಿಲ್ಲ."

ಮಳೆಗಾಲದಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ, ಪುಸ್ತಕದ ಪಾಡು ಕೇಳಬೇಕೇ. ಬೂಸ್ಟು ಹಿಡಿದು ಪುಟಕ್ಕೆ ಪುಟ ಅಂಟಿಕೊಳ್ಳುತ್ತಿತ್ತು. ಒಂದು ವರ್ಷ ದೊಡ್ಡಕ್ಕೋರು ಯಾರನ್ನೂ ಕೇಳದೆ ಟ್ರಂಕಿನ ಪುಸ್ತಕವನ್ನೆಲ್ಲ ಚೀಲಕ್ಕೆ ತುಂಬಿ ಬಸ್ಸಿನಲ್ಲಿ ಅಗಸೂರಿಗೆ ಹೊತ್ತುಕೊಂಡು ಹೋದರು. ಅವರ ಮನೆಯಲ್ಲಿ ಇನ್ನೂ ಸೌದೆ ಒಲೆಯಿತ್ತು, ಒಲೆಯ ಮೇಲೆ ಅಟ್ಟ. ಅಟ್ಟಕ್ಕೆ ಬೂಸ್ಟು ಹತ್ತುವುದಿಲ್ಲ, ಸರಿ. ಆದರೆ ಅದೇ ಅಟ್ಟದಲ್ಲಿ ಮಳೆಗಾಲಕ್ಕೆಂದು ಕಟ್ಟಿಟ್ಟ ಒಣ ಬಂಗಡೆ, ಶೆಟ್ಲಿ ಎಂಬ ಒಣ ಸಿಗಡಿ ಎಲ್ಲ ಇತ್ತು! ನವರಾತ್ರಿ ಹೊತ್ತಿಗೆ ಪುಸ್ತಕ ವಾಪಸು ಬಂದಾಗ ಬೆಕ್ಕುಗಳು ಬಸ್ ಸ್ಟಾಪಿನಿಂದಲೇ ಅವರ ಬೆನ್ನು ಹತ್ತಿದ್ದವು. ಆ ವಾರವೇ ಒಬ್ಬ ಸಾಹೇಬರು ಶಾಲೆ ನೋಡಲು ಬಂದರು, ಮೀನು ಮುಟ್ಟದ ಜಾತಿಯವರು. ಆನೆಯ ಪುಸ್ತಕ ಎತ್ತಿ ಬಿಡಿಸಿದವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಅಂಗಳಕ್ಕೇ ಹೋದರು. "ಇದೇನು ಮೇಡಂ, ವಾಸನೆ?" ಎಂದರೆ ದೊಡ್ಡಕ್ಕೋರು, "ಮಕ್ಕಳಿಗೆ ಮನೆ ಪರಿಮಳ ಸರ್. ಪುಸ್ತಕ ಬಿಟ್ಟು ಏಳೂದೇ ಇಲ್ಲ," ಎನ್ನಬೇಕೇ! ನಾನು ನಗು ತಡೆಯಲಾರದೆ ಅಕ್ಕಿಮೂಟೆಯ ಹಿಂದೆ ಕುಳಿತುಬಿಟ್ಟೆ. ಆ ಸಾಹೇಬರು ಮತ್ತೆ ನಮ್ಮ ಶಾಲೆಗೆ ಬಂದದ್ದು ನನಗೆ ನೆನಪಿಲ್ಲ. ವಾಟ್ಸಾಪಿನಲ್ಲೇ ಓದುವ ಪಿರಿಯಡ್ಡಿನ ಫೋಟೋ ಕೇಳುತ್ತಿದ್ದರು. ಫೋಟೋಕ್ಕೆ ಮಕ್ಕಳು ಬಾಯಿ ಮುಚ್ಚಿ ಸಾಲಾಗಿ ಕುಳಿತುಕೊಳ್ಳಬೇಕಲ್ಲ, ದೊಡ್ಡಕ್ಕೋರ ಪಿರಿಯಡ್‌ನಲ್ಲಿ ಅಂಥ ಫೋಟೋ ಸಿಗುವುದೇ ಕಷ್ಟವಾಗಿತ್ತು.

ಅವರಿಗೆ ಬಹಳ ಇಷ್ಟದ ಪುಸ್ತಕ ಒಂದಿತ್ತು. ಅದರಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ. ಒಬ್ಬ ಮನುಷ್ಯ ಬೆಳಗಾಗುವಾಗ ಸಣ್ಣ ದೋಣಿಯಲ್ಲಿ ಒಬ್ಬನೇ ಕಡಲಿಗೆ ಹೋಗುತ್ತಾನೆ. ಬಲೆ ಬಿಡುತ್ತಾನೆ. ಗಾಳಿ ಏಳುತ್ತದೆ, ತೆರೆ ಏಳುತ್ತದೆ, ಎರಡು ಪುಟ ತುಂಬ ಬರೀ ಕಪ್ಪು ನೀರು. ಕೊನೆಯ ಪುಟದಲ್ಲಿ ಒಂದು ನಡುಗಡ್ಡೆ. ದೋಣಿ ಮರಳಿಗೆ ಹತ್ತಿ ನಿಂತಿದೆ, ಒಳಗೆ ಯಾರೂ ಇಲ್ಲ. ಹಿಂದೆ ಒಂದು ಗುಡ್ಡ, ಗುಡ್ಡದ ಆಚೆಯಿಂದ ಸಣ್ಣಗೆ ಹೊಗೆ. ಅಲ್ಲಿಗೆ ಮುಗಿಯಿತು. ಅವ ಎಲ್ಲಿ ಹೋದ ಎಂಬುದನ್ನು ಪ್ರತಿ ವರ್ಷ ಪ್ರತಿ ಮಗುವೂ ಬೇರೆ ಬೇರೆ ಹೇಳುತ್ತಿತ್ತು. ಚಾ ಕುಡಿಯಲು ಹೋದ. ಸಂಡಾಸಿಗೆ ಹೋದ. ಮೀನು ಮಾರಲು ಹೋದ. ಒಬ್ಬ ಮಾತ್ರ ದೊಡ್ಡ ಮನುಷ್ಯನ ಹಾಗೆ ತಲೆ ಕೊಡವಿ, "ಬಲೆ ಹಾಂಗೇ ಒದ್ದೆ ಬಿಟ್ಟು ಯಾರೂ ಹೋಗೂದಿಲ್ಲ ಅಕ್ಕೋರೆ. ಇದು ಬರ್ದವ್ರಿಗೆ ಏನೂ ಗೊತ್ತಿಲ್ಲ," ಎಂದಿದ್ದ. ದೊಡ್ಡಕ್ಕೋರು ಬಿದ್ದು ಬಿದ್ದು ನಕ್ಕು ಅವನಿಗೂ ಹೌದೌದು ಎಂದಿದ್ದರು.

ಈಗ ಹೇಳಬೇಕಾದದ್ದನ್ನು ಹೇಳಲು ನನಗೆ ಕಷ್ಟವಾಗುತ್ತದೆ. ಆದರೆ ಇದನ್ನು ಬಿಟ್ಟು ದೊಡ್ಡಕ್ಕೋರ ಬಗ್ಗೆ ಬರೆದರೆ ಅದು ಅವರ ಬಗ್ಗೆ ಆಗುವುದಿಲ್ಲ.

ಎರಡನೇ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಮಾತಿನ ಮಲ್ಲಿ, ಚಿತ್ರದ ಪಿರಿಯಡ್ ಅವಳದೇ. ತಂದೆ ಬೇರೆಯವರ ಬೋಟಿಗೆ ಮೀನು ಹಿಡಿಯಲು ಹೋಗುತ್ತಿದ್ದ. ಮಳೆಗಾಲದ ಬಂದ್ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಸ್ವಲ್ಪ ದಿನಕ್ಕೇ ಒಂದು ಗಾಳಿ ಎದ್ದು ಆ ಬೋಟು ಮಗುಚಿತು. ಜೊತೆಯಲ್ಲಿದ್ದವರು ಈಜಿ ದಂಡೆ ಸೇರಿದರು. ಇವನು ಸಿಗಲಿಲ್ಲ. ನಮ್ಮ ದಂಡೆಯಲ್ಲಿ ಹಾಗೇ ಹೇಳುತ್ತಾರೆ. ತೀರಿಕೊಂಡ ಎನ್ನುವುದಿಲ್ಲ, ಸಿಗಲಿಲ್ಲ ಎನ್ನುತ್ತಾರೆ. ದಿನಗಟ್ಟಲೆ ಹುಡುಕಿದರು. ಗಸ್ತಿನ ಬೋಟುಗಳು ಬಂದವು, ಹೋದವು. ಬಟ್ಟೆಯ ಚೂರೂ ಸಿಗಲಿಲ್ಲ.

ದೇಹ ಸಿಗದಿದ್ದರೆ ದರ್ಭೆಯ ಬೊಂಬೆ ಮಾಡಿ ಸುಟ್ಟು ಕ್ರಿಯೆ ಮುಗಿಸುವ ಕ್ರಮವಿದೆ. ಆದರೆ ಹುಡುಗಿಯ ಅಜ್ಜಿ, ಎಂದರೆ ಸಿಗದವನ ತಾಯಿ, ಬಿಲ್ಕುಲ್ ಒಪ್ಪಲಿಲ್ಲ. ಮೊದಲು ದೇವಿಯ ಹತ್ತಿರ ಪ್ರಸಾದ ಕೇಳಬೇಕೆಂದಳು. ಮೂರ್ತಿಗೆ ಹೂ ಹಚ್ಚಿ ಕೇಳುವುದು: ಬಲಕ್ಕೆ ಬಿದ್ದರೆ ಬದುಕಿದ್ದಾನೆ, ಎಡಕ್ಕೆ ಬಿದ್ದರೆ ಇಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಾದರಂತೆ. ಹೂ ಎತ್ತಲೂ ಬೀಳಲಿಲ್ಲ.

ಆ ವಾರ ಹುಡುಗಿ ಶಾಲೆಗೆ ಬಂದಳು. ಚಿತ್ರದ ಪಿರಿಯಡ್‌ನಲ್ಲಿ ನೇರ ಹಗ್ಗಕ್ಕೆ ಹೋಗಿ ದೋಣಿಯ ಪುಸ್ತಕವನ್ನೇ ಕಿತ್ತುಕೊಂಡು ಬಂದು ದೊಡ್ಡಕ್ಕೋರ ತೊಡೆಯ ಮೇಲಿಟ್ಟಳು. ಬೇಡ ಎನ್ನಲು ಆದೀತೇ? ಪುಟ ತಿರುಗಿಸಿದರು. ಕೊನೆಯ ಪುಟ ಬಂದಾಗ ಹುಡುಗಿ ಆ ಹೊಗೆಯ ಮೇಲೆ ಬೆರಳಿಟ್ಟು, "ಪಪ್ಪ ಗುಡ್ಡೆ ಆಚಿಗೆ ಇಳ್ದಿದಾನೆ. ಅಲ್ಲಿ ಅನ್ನ ಮಾಡ್ತಿದಾನೆ. ಗಾಳಿ ನಿಂತಮೇಲೆ ಬತ್ತಾನೆ," ಎಂದಳು.

ಎಲ್ಲ ಮಕ್ಕಳೂ ದೊಡ್ಡಕ್ಕೋರ ಮುಖ ನೋಡಿದವು. ಬಾಗಿಲಲ್ಲಿದ್ದ ನಾನೂ ನೋಡಿದೆ. ವರ್ಷಗಟ್ಟಲೆ ಹೇಳಿ ಹೇಳಿ ರೂಢಿಯಾದ ಮಾತು, ಅವರ ಬಾಯಿಂದ ತಾನಾಗಿ ಬಂತು.

"ಹೌದೌದು," ಎಂದರು.

ಹುಡುಗಿ ಮನೆಗೆ ಹೋಗಿ ಅಜ್ಜಿಗೆ ಹೇಳಿದಳು. ಪಪ್ಪ ನಡುಗಡ್ಡೆಯಲ್ಲಿದಾನೆ, ಗುಡ್ಡೆ ಆಚಿಗೆ. ದೊಡ್ಡಕ್ಕೋರೂ ಹೌದು ಅಂದಿದಾರೆ. ಅಜ್ಜಿಗೆ ಅಷ್ಟೇ ಸಾಕಾಯಿತು. ದೇವಿ ಹೂ ಬೀಳಿಸದೆ ಇದ್ದದ್ದು ಈ ಮಗುವಿನ ಬಾಯಿಂದ ಹೇಳಿಸಲಿಕ್ಕೇ ಎಂದು ಊರೆಲ್ಲ ಹೇಳಿಕೊಂಡು ಬಂದಳು. ನಮ್ಮ ಕಡಲಲ್ಲಿ ನಡುಗಡ್ಡೆಗಳಿಗೆ ಬರವೇ? ದಂಡೆಯಲ್ಲಿ ನಿಂತರೆ ಕಾಣುತ್ತವೆ. ಅಜ್ಜಿ ಹುಡುಗಿಯ ಸೋದರಮಾವನಿಗೆ ಗಂಟು ಬಿದ್ದು, ಅತ್ತು, ಅನ್ನ ಬಿಟ್ಟು, ಇನ್ನೂ ಗಾಳಿಯಿದ್ದ ಒಂದು ದಿನ ಅವನನ್ನೂ ನೆರೆಮನೆಯವನನ್ನೂ ಸಣ್ಣ ದೋಣಿಯಲ್ಲಿ ಕಳಿಸಿಯೇ ಬಿಟ್ಟಳು. ಆ ದಿನ ಶಾಲೆಯಲ್ಲಿ ಪಾಠ ನಡೆಯಲಿಲ್ಲ. ದೊಡ್ಡಕ್ಕೋರು ಹತ್ತು ಸಲ ಜಗಲಿಗೆ ಬಂದು ಕಡಲು ನೋಡಿದರು. "ಇಬ್ರಿಗೆ ಏನಾದ್ರೂ ಆದ್ರೆ ನನ್ನ ತಲೆ ಮೇಲೆ ತಂಗಿ, ನನ್ನ ತಲೆ ಮೇಲೆ," ಎನ್ನುತ್ತಲೇ ಇದ್ದರು. ನಾನು ಚಾ ಮಾಡಿಕೊಟ್ಟೆ. ಹಾಗೇ ಆರಿತು.

ಸಂಜೆಗೆ ದೋಣಿ ಬಂತು, ಅರ್ಧ ನೀರು ತುಂಬಿಕೊಂಡು. ಸೋದರಮಾವನ ಭುಜ ಬಂಡೆಗೆ ಬಡಿದು ಊದಿತ್ತು. ನಡುಗಡ್ಡೆಯ ಆಚೆ ಬದಿಯಲ್ಲಿ ಬಂಡೆಯೂ ಹಕ್ಕಿಯ ಹೇಲೂ ಬಿಟ್ಟರೆ ಏನೂ ಇರಲಿಲ್ಲ. ಅಜ್ಜಿ, "ಇದಲ್ಲ, ಇನ್ನೊಂದು ನಡುಗಡ್ಡೆ," ಎಂದಳಂತೆ.

ಮರುದಿನವೇ ಹುಡುಗಿಯ ತಾಯಿ ಶಾಲೆಗೆ ಬಂದಳು. ಹಣೆಯಲ್ಲಿ ಕುಂಕುಮ ಇತ್ತು, ಕೈಯಲ್ಲಿ ಬಳೆ ಇತ್ತು. ಕಣ್ಣು ಮಾತ್ರ ಬೇರೆ. ಒಳಗೆ ಬನ್ನಿ ಎಂದರೂ ಬರದೆ ಜಗಲಿಯ ಕಂಬ ಹಿಡಿದು ನಿಂತಳು.

"ಅಕ್ಕೋರೆ, ನನ್ನ ಅಣ್ಣ ನಿನ್ನೆ ಉಳ್ದದ್ದೇ ಹೆಚ್ಚು. ಇನ್ನೊಂದು ಸಲ ಹೋಗು ಅಂತ ಅತ್ತೆ ಕುಂತಿದಾರೆ. ಈ ಹುಡುಗಿ ದಿನಾ ಎರಡು ಬಟ್ಟಲು ಹಾಕ್ಸ್ತದೆ, ಪಪ್ಪಂಗೆ ಅಂತ. ನಾ ಪಪ್ಪ ಬರೂದಿಲ್ಲ ಅಂದ್ರೆ, ನೀ ಸುಳ್ಳು ಹೇಳ್ತೆ, ದೊಡ್ಡಕ್ಕೋರು ಹೌದು ಅಂದಿದಾರೆ ಅಂತದೆ. ನೀವೇ ಹೇಳ್ಬೇಕು. ನೀವು ಅಂದ್ರೆ ಮಾತ್ರ ಅದು ಕೇಳ್ತದೆ."

"ಎಂತ ಹೇಳ್ಲಿ ನಾನು?" ಎಂದರು ದೊಡ್ಡಕ್ಕೋರು. ಅಷ್ಟು ಸಣ್ಣ ದನಿ ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

"ಅಪ್ಪ ಇಲ್ಲ ಅಂತ ಹೇಳಿ. ನಂಗೆ ಇನ್ನು ಆಗೂದಿಲ್ಲ ಅಕ್ಕೋರೆ."

ಅವಳು ಹೋದ ಮೇಲೆ ನಾವಿಬ್ಬರೂ ಬಸ್ಸಿಗೆ ಕಾಯುತ್ತ ನಿಂತೆವು. ನನ್ನ ಬಸ್ಸು ಬಂತು, ನಾನು ಹತ್ತಲಿಲ್ಲ. ಹೇಳಿಬಿಡಿ ಅಕ್ಕೋರೆ, ಬೇರೆ ದಾರಿಯಿಲ್ಲ ಎಂದೆ. ಹೇಳುವವಳಿಗೆ ಏನು ಕಷ್ಟ! ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಇಷ್ಟು ವರ್ಷ ಒಂದು ಮಗೂಗೂ ಆ ಕೋಣೇಲಿ ಇಲ್ಲ ಅಂದದ್ದಿಲ್ಲ ನಾನು. ಅನ್ನೂಕೆ ಸಿಕ್ಕಿದ್ದು ಇದೊಂದೇನಾ?" ಎಂದರು. "ಬೇರೆ ಕೋಣೇಲಿ ಹೇಳಿ," ಎಂದು ನಾನೊಂದು ದಡ್ಡ ಮಾತು ಆಡಿದೆ. ಅವರು ನನ್ನ ಮುಖ ನೋಡಿದರು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ಉಳಿಸಿಕೊಂಡರು. "ನೀ ಇರು ತಂಗಿ, ನನ್ನೊಬ್ಳಿಂದ ಆಗೂದಿಲ್ಲ," ಎಂದರು. ನಾನು ಅಕ್ಕಿ ಆರಿಸುವ ನೆವದಲ್ಲಿ ಮೊರ ಹಿಡಿದು ಮೂಟೆಯ ಪಕ್ಕ ಕುಳಿತೆ. ಅವರು ದೋಣಿಯ ಪುಸ್ತಕ ತೆಗೆದರು. ಒಂದೊಂದೇ ಪುಟ. ಎಂದಿನ ಹಾಗೆ ಕಾದರು. ಹುಡುಗಿ ಎಂದಿನ ಹಾಗೆ ಹೇಳಿದಳು: ಇಲ್ಲಿ ಪಪ್ಪ ಬಲೆ ಬಿಟ್ಟ, ಇಲ್ಲಿ ಗಾಳಿ ಬಂತು, ಇಲ್ಲಿ ಪಪ್ಪ ಕಾಣೂದಿಲ್ಲ ಆದ್ರೂ ಒಳಗಿದಾನೆ. ಕೊನೆಯ ಪುಟ ಬಂತು. ಹೊಗೆ, ಗುಡ್ಡೆ, ಅನ್ನ. ಗಾಳಿ ನಿಂತಮೇಲೆ ಬರುವುದು.

ದೊಡ್ಡಕ್ಕೋರು ಪುಸ್ತಕವನ್ನು ತೊಡೆಯ ಮೇಲಿಳಿಸಿದರು. ಆಮೇಲೆ, "ಮಗಾ, ಇದು ಪುಸ್ತಕ ಅಲ್ದಾ?" ಎಂದರು.

"ಹೌದು."

"ಪಪ್ಪ ಇದರಲ್ಲಿ ಇಲ್ಲ ಮಗಾ. ಪಪ್ಪ ಹೋದದ್ದು ನಮ್ಮ ಕಡಲಿಗೆ. ಅಂವ ಇನ್ನು ಬರೂದಿಲ್ಲ."

ಹುಡುಗಿ ಅಳಲಿಲ್ಲ. ಪುಸ್ತಕ ನೋಡಿದಳು, ದೊಡ್ಡಕ್ಕೋರನ್ನು ನೋಡಿದಳು. "ನಾ ಹೇಳದ್ದು ತಪ್ಪಾ ಅಕ್ಕೋರೆ?" ಎಂದು ಕೇಳಿದಳು.

ದೇವರೇ, ಆ ಮಾತು ಆ ಕೋಣೆಗೆ ಎಲ್ಲಿಂದ ಬಂತು! ನನ್ನ ಕೈಯಲ್ಲಿದ್ದ ಮೊರ ಓರೆಯಾಗಿ ಅಕ್ಕಿಯೆಲ್ಲ ನೆಲಕ್ಕೆ ಹೋಯಿತು. ದೊಡ್ಡಕ್ಕೋರು ಅಂದು ಬೇರೆ ಏನಾದರೂ ಹೇಳಬಹುದಿತ್ತೇ? ಇವತ್ತಿಗೂ ಹುಡುಕುತ್ತಿದ್ದೇನೆ, ನನಗೆ ಸಿಕ್ಕಿಲ್ಲ. ತಪ್ಪು ಎಂದರೆ ಒಂದು ಕಷ್ಟ, ತಪ್ಪಲ್ಲ ಎಂದರೆ ನಾಳೆ ಮತ್ತೊಂದು ದೋಣಿ ಕಡಲಿಗಿಳಿಯುತ್ತದೆ.

"ಹೌದು ಮಗಾ," ಎಂದರು. "ತಪ್ಪು."

ಹುಡುಗಿ ತಲೆಯಾಡಿಸಿದಳು. ಪುಸ್ತಕ ಮುಚ್ಚಿದಳು, ಎದ್ದು ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದಳು, ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು. ದೊಡ್ಡಕ್ಕೋರು ಚಾಪೆಯ ಮೇಲೆ ಕೂತಲ್ಲೇ ಕೂತಿದ್ದರು. ನಾನು ನೆಲದಿಂದ ಅಕ್ಕಿ ಬಳಿದುಕೊಳ್ಳುತ್ತ ಅತ್ತೆ. ಅವರು ಅಳಲಿಲ್ಲ, ನನ್ನನ್ನು ಅಳಬೇಡ ಎನ್ನಲೂ ಇಲ್ಲ.

ಮುಂದಿನ ಅಮಾವಾಸ್ಯೆಗೆ ದರ್ಭೆ ಬೊಂಬೆ ಸುಟ್ಟರು. ಕ್ರಿಯೆ ಮುಗಿಯಿತು. ಹುಡುಗಿಯ ತಾಯಿ ಕಾರವಾರದಲ್ಲಿ ಒಂದು ಅಂಗಡಿಗೆ ಕೆಲಸಕ್ಕೆ ಸೇರಿದಳು. ಅವನನ್ನು ಹುಡುಕಲು ಮತ್ತೆ ಯಾರೂ ದೋಣಿ ಇಳಿಸಲಿಲ್ಲ. ಎಲ್ಲ ಆಗಬೇಕಾದಂತೆ ಆಯಿತು ಎಂದು ಮಾಸ್ತರರೂ ಊರಿನ ಹಿರಿಯರೂ ದೊಡ್ಡಕ್ಕೋರನ್ನು ಹೊಗಳಿದರು. ಅಜ್ಜಿ ಮಾತ್ರ ಅಂಕೋಲಾ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ನಿಂತಿ​ದ್ದಾಗ, ಮೀನಿನ ಬುಟ್ಟಿ ಕೆಳಗಿಟ್ಟು, ಅಷ್ಟು ಜನರ ನಡುವೆ, "ಕಡಲು ನನ್ನ ಮಗನ್ನ ಕೊಲ್ಲಲಿಲ್ಲ. ನೀ ಕೊಂದೆ," ಎಂದು ಬೆರಳು ತೋರಿಸಿ ಕೂಗಿದಳು. ನಾನು ಜಗಳಕ್ಕೆ ಮುಂದೆ ಹೋದರೆ ದೊಡ್ಡಕ್ಕೋರು ನನ್ನ ರಟ್ಟೆ ಹಿಡಿದೆಳೆದರು. "ಬೈಯಲಿ ಬಿಡು. ಅದಕ್ಕೆ ಬೈಯೂಕೆ ಇನ್ಯಾರು ಸಿಕ್ತಾರೆ," ಎಂದರು.

ಅದೆಲ್ಲ ಅವರು ನುಂಗಿಕೊಂಡರು. ನುಂಗಲಾಗದ್ದು ಬೇರೆ. ಹುಡುಗಿ ಚಿತ್ರದ ಪಿರಿಯಡ್‌ಗೆ ಬರುತ್ತಿದ್ದಳು, ಚಾಪೆಯ ಮೇಲೆ ಕೂರುತ್ತಿದ್ದಳು, ಚಿತ್ರ ನೋಡುತ್ತಿದ್ದಳು. ಅವಳ ಸರದಿ ಬಂದರೆ, "ಗೊತ್ತಿಲ್ಲ ಅಕ್ಕೋರೆ, ನೀವೇ ಹೇಳಿ," ಎನ್ನುತ್ತಿದ್ದಳು. ಆನೆಯ ಚಿತ್ರಕ್ಕೂ ಅದೇ. ಮಾವಿನಹಣ್ಣಿನ ಚಿತ್ರಕ್ಕೂ ಅದೇ. ಮೂರನೇ ತರಗತಿಗೆ ಹೋದಳು, ಪುಸ್ತಕ ಓದಲು ಬಂತು, ಅಡಿಯಲ್ಲಿ ಬರೆದದ್ದನ್ನು ಗಡಗಡ ಓದುತ್ತಿದ್ದಳು. ಬರೆಯದೆ ಇದ್ದದ್ದನ್ನು ಒಂದು ಮಾತೂ ಹೇಳುತ್ತಿರಲಿಲ್ಲ. ಲೆಕ್ಕದಲ್ಲಿ ಮೊದಲಿಗಳಾದಳು. ತಾಯಿಗೆ ಸಂತೋಷ, ಮಾಸ್ತರರಿಗೆ ಸಂತೋಷ. ದೊಡ್ಡಕ್ಕೋರು ಅವಳ ಮುಂದೆ ಒಂದೊಂದು ಪುಟ ಹಿಡಿದು, ಕೈ ಸೋಲುವವರೆಗೆ ಕಾಯುತ್ತಿದ್ದರು. ಒಂದು ದಿನವಾದರೂ ತಪ್ಪೋ ಒಪ್ಪೋ ಏನಾದರೂ ಹೇಳಿಬಿಡಲಿ ಎಂದು ನಾನು ಅಕ್ಕಿಮೂಟೆಯ ಹಿಂದೆ ನಿಂತು ದೇವರಿಗೆ ಹರಕೆ ಹೊತ್ತದ್ದಿದೆ. ಹೇಳಿಸುವ ವಿದ್ಯೆ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ.

ಆ ವರ್ಷದ ಕೊನೆಗೆ ದೊಡ್ಡಕ್ಕೋರಿಗೆ ಕಾಮಾಲೆ ಎಂದರು, ಆಮೇಲೆ ಕಾಮಾಲೆಯಲ್ಲ, ದೊಡ್ಡದೇನೋ ಎಂದರು. ಹಳ್ಳಿಯ ಔಷಧಿ ಆಯಿತು, ಕಾರವಾರ ಆಯಿತು, ಗೋವಾ ಆಯಿತು. ಕಣ್ಣು ಅರಿಸಿನವಾಗಿ, ಕೈಕಾಲು ಕಡ್ಡಿಯಾಗಿ ಮನೆಗೆ ಬಂದು ಮಲಗಿದರು. ನಾನು ಭಾನುವಾರ ಹೋಗುತ್ತಿದ್ದೆ. ನನ್ನ ಮಕ್ಕಳ ಸುದ್ದಿ ಕೇಳುತ್ತಿದ್ದರು, ಅಕ್ಕಿ ಕೋಣೆಗೆ ಇಲಿ ಬಂತೋ ಎಂದು ಕೇಳುತ್ತಿದ್ದರು. ಕಡೆಗೆ, ನಾನು ಏಳುವ ಹೊತ್ತಿಗೆ, ಪ್ರತಿ ಸಲವೂ ಅದೊಂದು ಮಾತು ಬರುತ್ತಿತ್ತು.

"ಅದು ಏನಾದ್ರೂ ಹೇಳ್ತದಾ ತಂಗಿ?"

"ಇಲ್ಲ ಅಕ್ಕೋರೆ."

"ಅವಸರ ಮಾಡ್ಬೇಡ. ಪುಸ್ತಕ ಹಿಡ್ಕಂಡು ಕೂತಿರು. ನೀ ಬಾಯಿ ಬಿಡ್ಬೇಡ, ಅದು ಬಿಡ್ಲಿ."

ಒಂದು ಸಲ ಮಾತ್ರ, ನಾನು ಇಲ್ಲ ಎಂದಾಗ, ಗೋಡೆಯ ಕಡೆ ಮುಖ ಮಾಡಿ, "ನಾ ಅಂದು ಬೇರೆ ಎಂತ ಹೇಳ್ಬೇಕಿತ್ತು?" ಎಂದರು. ನಾನು ಅವರ ಕಾಲು ಒತ್ತುತ್ತಾ ಕುಳಿತೆ. ಅವರಿಗೆ ನಿದ್ದೆ ಬಂತು ಎಂದುಕೊಂಡು ಎದ್ದರೆ ಕಣ್ಣು ಬಿಟ್ಟೇ ಇತ್ತು.

ಅವರು ಹೋದದ್ದು ಮಾವಿನ ಕಾಲದಲ್ಲಿ. ಸುದ್ದಿ ಬಂದಾಗ ಶಾಲೆಗೆ ರಜೆ. ಅಗಸೂರಿನ ಆ ಮನೆಯ ಅಂಗಳ ತುಂಬ ಜನ, ಅವರ ಹತ್ತಿರ ಓದಿ ಬೆಳೆದು ಗಂಡಸರಾದವರು, ಮದುವೆಯಾಗಿ ಹೋದವರು. ನಾನು ಹೋಗುವಷ್ಟರಲ್ಲಿ ಸ್ನಾನ ಮಾಡಿಸಿ ಜಗಲಿಯಲ್ಲಿ ಮಲಗಿಸಿದ್ದರು. ಹುಡುಗಿಯ ತಾಯಿ ಕಾರವಾರದಿಂದ ರಜೆ ಹಾಕಿ ಬಂದಿದ್ದಳು, ಹುಡುಗಿಯನ್ನೂ ಕರೆತಂದಿದ್ದಳು. "ಅವ್ರು ಹೇಳದ್ದಕ್ಕೆ ನನ್ನ ಅಣ್ಣ ಉಳ್ದ. ನಾ ಬರದೆ ಇರೂಕಾಗ್ತದಾ?" ಎಂದು ನನ್ನ ಕೈ ಹಿಡಿದು ಅತ್ತಳು.

ಮಕ್ಕಳನ್ನು ಹೆಣದ ಹತ್ತಿರ ಬಿಡುವುದಿಲ್ಲ. ಒಬ್ಬ ಮುದುಕಿ ಹುಡುಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಲು ನೋಡಿದಳು. ಹುಡುಗಿ ಕೈ ಬಿಡಿಸಿಕೊಂಡು ನನ್ನ ಹತ್ತಿರ ಬಂದಳು. "ಸಣ್ಣಕ್ಕೋರೆ, ಮುಚ್ಚೂಕಿಂತ ಮೊದ್ಲು ನಾ ನೋಡ್ಬೇಕು," ಎಂದಳು. ಗೋಗರೆಯುವ ದನಿಯಲ್ಲ, ಲೆಕ್ಕ ಒಪ್ಪಿಸುವ ದನಿ. ನಾನು ಮುದುಕಿಯ ಬೈಗುಳ ಕೇಳಿಸಿಕೊಂಡೇ ಅವಳನ್ನು ಜಗಲಿ ಹತ್ತಿಸಿದೆ.

ಅವಳು ನಿಂತು ನೋಡಿದಳು. ಮುಖ, ಮೂಗಿನ ಹತ್ತಿ, ಕಟ್ಟಿದ ಕಾಲ್ಬೆರಳು. ಚಿತ್ರದ ಪಿರಿಯಡ್‌ನಲ್ಲಿ ಮಕ್ಕಳು ನೋಡುವ ಹಾಗೆ, ಯಾವುದನ್ನೂ ಬಿಡದೆ, ನಿಧಾನಕ್ಕೆ. ಬಗ್ಗಿ ಪಾದ ಮುಟ್ಟಿದಳು, ತಣ್ಣಗಿದ್ದಿರಬೇಕು, ಕೈ ಹಿಂದೆ ತೆಗೆದುಕೊಂಡು ಮತ್ತೊಮ್ಮೆ ಮುಟ್ಟಿದಳು. ಹೆಂಗಸರು ಸಾಕು ಸಾಕು ಎಂದರು. ನಾನು ಎಷ್ಟು ಹೊತ್ತು ಬೇಕೋ ಅಷ್ಟು ನೋಡಲಿ ಎಂದು ನಿಂತೇ ಇದ್ದೆ.

ಕೆಳಗಿಳಿದು ಅಂಗಳದ ಮೂಲೆಗೆ ಬಂದ ಮೇಲೆ ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

"ಪಪ್ಪನ್ನ ಹೀಂಗೆ ಯಾರೂ ನೋಡ್ಲಿಲ್ಲ ಅಲ್ದಾ?"

"ಇಲ್ಲ ಮಗಾ."

"ಮತ್ತೆ ದೊಡ್ಡಕ್ಕೋರಿಗೆ ಹ್ಯಾಂಗೆ ಗೊತ್ತಾಯ್ತು?"

ಎರಡು ವರ್ಷಗಳಲ್ಲಿ ತಾನು ನೋಡಿದ್ದರ ಬಗ್ಗೆ, ಯಾರೂ ಬರೆದುಕೊಡದ ಮಾತನ್ನು ಅವಳು ತಾನಾಗಿ ಆಡಿದ್ದು ಅದೇ ಮೊದಲು. ಅದಕ್ಕಾಗಿ ಕಾದವರು ಜಗಲಿಯ ಮೇಲೆ ಮಲಗಿದ್ದರು. ನಾನು ಅವಳ ಎತ್ತರಕ್ಕೆ ಬಗ್ಗಿ ಕುಳಿತೆ. ಹುಡುಗಿ ನನ್ನ ಮುಖವನ್ನೇ ನೋಡುತ್ತ, ಅವಸರವಿಲ್ಲದೆ, ಕಾಯುತ್ತಾ ನಿಂತಳು.